ಭಾಷಾ ತಂತ್ರಜ್ಞಾನದ ಮುಕ್ತ ಯೋಜನೆಗೆ ಅರ್ಜಿ ಬರೆಯುವ ಬಗೆ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ವಿದ್ಯಾರ್ಥಿಗಳು, ಮುಕ್ತ ತಂತ್ರಾಂಶ ಸಂಸ್ಥೆಗಳಿಗಾಗಿ ಹೊಸಬರು ಕೋಡ್ ಬರೆಯಲು ಗೂಗಲ್ ಪ್ರತಿವರ್ಷ ನಡೆಸುವ ಕಾರ್ಯಕ್ರಮವಾದ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಬರೆಯುವಾಗ ಅಂಕಗಳನ್ನೂ ಸರ್ಟಿಫಿಕೇಟುಗಳನ್ನೂ ಮೊದಲ ಪುಟದಲ್ಲೇ ಇಡುವುದುಂಟು. ಅಪರ್ಟಿಯಂನಂತಹ ಯೋಜನೆಗೆ ಅರ್ಜಿ ಹಾಕುವವರು ಆ ಜಾಗದಲ್ಲಿ ತಾವು ಈಗಾಗಲೇ ಮಾಡಿ ಮುಗಿಸಿದ ಒಂದು ಸಣ್ಣ ಕೆಲಸವನ್ನು ಇಡುವುದು ಒಳ್ಳೆಯದು. ಅಪರ್ಟಿಯಂ ಎಂಬುದು ಸ್ಪೇನಿನ ಅಲಿಕಾಂಟೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ನಿಯಮಗಳ ಆಧಾರದ ಮೇಲೆ ಅನುವಾದ ಮಾಡುವ ಮುಕ್ತ ತಂತ್ರಾಂಶ. ಅದರ ನಿಘಂಟುಗಳನ್ನೂ ವ್ಯಾಕರಣ ನಿಯಮಗಳನ್ನೂ ಬಹುಮಟ್ಟಿಗೆ ಜನರೇ ಕೂತು ಬರೆಯುತ್ತಾರೆ. ಆದ್ದರಿಂದ ತನ್ನ ಮನೆಮಾತನ್ನು ಗಮನವಿಟ್ಟು ಕೇಳಿದ ವಿದ್ಯಾರ್ಥಿಗೆ ಇಲ್ಲಿ ನಿಜವಾದ ಕೆಲಸವಿದೆ.

ಆ ವರ್ಷ ಭಾಗವಹಿಸುವ ಸಂಸ್ಥೆಗಳ ಪಟ್ಟಿ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಪ್ರಕಟವಾಗಿ, ಮಾರ್ಚ್‌ನಲ್ಲಿ ಅರ್ಜಿ ಸ್ವೀಕಾರ ಆರಂಭವಾಗುತ್ತದೆ. ನೀವು ಡಿಸೆಂಬರ್‌ನಲ್ಲೇ ಆರಂಭಿಸಿ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. 2022ರಿಂದ ವಿದ್ಯಾರ್ಥಿಯೇ ಆಗಿರಬೇಕೆಂಬ ಕಟ್ಟಳೆ ಇಲ್ಲ.

ಅರ್ಜಿಗೆ ಮುನ್ನ ಮಾಡಿ ತೋರಿಸಬೇಕಾದ ಕೋಡಿಂಗ್ ಚಾಲೆಂಜ್ ಬಗ್ಗೆ ಹೆಚ್ಚು ಯೋಚಿಸಬೇಕು. ಕನ್ನಡದ ಪದವಿಶ್ಲೇಷಕವನ್ನು ಆರಿಸಿಕೊಂಡಿರಿ ಎನ್ನೋಣ. ‘ಮನೆಯಲ್ಲಿ’ ಎಂದು ಕೊಟ್ಟರೆ ಅದು ‘ಮನೆ, ನಾಮಪದ, ಏಕವಚನ, ಸಪ್ತಮಿ’ ಎಂದು ಬಿಡಿಸಬೇಕು. ಆದರೆ ‘ಮನೆ’ಗೆ ಯಕಾರ ಬಂದರೆ, ‘ಮರದಲ್ಲಿ’ ಎಂಬಲ್ಲಿ ದಕಾರ ಬರುತ್ತದೆ, ‘ಊರಿನಲ್ಲಿ’ ಎಂಬಲ್ಲಿ ‘ಇನ್’ ಬರುತ್ತದೆ. ಹೀಗೆ ಮೂರು ಪದಗಳಿಗೆ ಮೂರು ಮಾದರಿಗಳು ಬೇಕಾಗುತ್ತವೆ. ಇನ್ನು ನಮ್ಮ ಭಾಗದಲ್ಲಿ ಇವೇ ‘ಮನ್ಯಾಗ’, ‘ಮರದಾಗ’, ‘ಊರಾಗ’ ಎಂದಾಗುತ್ತವೆ. ಇವುಗಳನ್ನು ಅಶುದ್ಧವೆಂದು ಕೈಬಿಡಬೇಡಿ. ವಿಶ್ಲೇಷಕವು ಅವುಗಳನ್ನು ಓದಿ ಅರ್ಥಮಾಡಿಕೊಳ್ಳುವಂತೆಯೂ, ತಾನು ಪದ ಕಟ್ಟುವಾಗ ಗ್ರಾಂಥಿಕ ರೂಪವನ್ನೇ ಕೊಡುವಂತೆಯೂ ನಿಘಂಟಿನ ನಮೂದನ್ನು ಒಂದೇ ದಿಕ್ಕಿಗೆ ಸೀಮಿತಗೊಳಿಸಬಹುದು. ಈ ಒಂದು ಸೌಲಭ್ಯವನ್ನು ನೀವು ಸರಿಯಾಗಿ ಬಳಸಿದ್ದೀರಿ ಎಂದರೆ, ಕಾಟಾಚಾರಕ್ಕೆ ಕೈಪಿಡಿ ತಿರುವಿಹಾಕಿಲ್ಲವೆಂಬುದು ಯೋಜನೆಯಲ್ಲಿ ನಿಮಗೆ ದಾರಿ ತೋರುವ ಮೆಂಟರ್‌ಗೆ ತಿಳಿಯುತ್ತದೆ.

ಐವತ್ತು ನಾಮಪದಗಳು ಸಿದ್ಧವಾದ ಮೇಲೆ ಕನ್ನಡ ವಿಕಿಪೀಡಿಯದ ಕೆಲವು ಲೇಖನಗಳ ಮೇಲೆ ವಿಶ್ಲೇಷಕವನ್ನು ಓಡಿಸಿ, ನೂರಕ್ಕೆ ಎಷ್ಟು ಪದಗಳನ್ನು ಅದು ಗುರುತಿಸಿತೆಂದು ಎಣಿಸಿ. ಸಂಖ್ಯೆ ಕಡಿಮೆ ಬಂದರೂ ಅದನ್ನೇ ಬರೆಯಿರಿ. ಗುರುತಿಸದೆ ಉಳಿದ ಪದಗಳ ಪಟ್ಟಿಯೂ, ‘ಕಾಡು’, ‘ಹಾಡು’ ಮುಂತಾಗಿ ನಾಮಪದವೂ ಕ್ರಿಯಾಪದವೂ ಆಗಬಲ್ಲವುಗಳ ಪಟ್ಟಿಯೂ ಸೇರಿ ನಿಮ್ಮ ಮುಂದಿನ ಯೋಜನೆಯ ತಳಹದಿಯಾಗುತ್ತವೆ.

ಸಾಮಗ್ರಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಹಳೆಯ ನುಡಿ ಫಾಂಟ್‌ಗಳಲ್ಲಿರುವ ಕಡತಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಇಲ್ಲವಾದರೆ ವಿಶ್ಲೇಷಕಕ್ಕೆ ಒಂದಕ್ಷರವೂ ತಿಳಿಯದು. ಎರಡನೆಯದು ಹಕ್ಕುಸ್ವಾಮ್ಯ: 1894ರ ಕಿಟ್ಟೆಲ್ ನಿಘಂಟಿನಿಂದ ಪದಗಳನ್ನು ನಿಸ್ಸಂಕೋಚವಾಗಿ ತೆಗೆದುಕೊಳ್ಳಬಹುದು, ಆದರೆ ಇತ್ತೀಚಿನ ನಿಘಂಟುಗಳಿಂದ ನಕಲು ಮಾಡಿ ಜಿಪಿಎಲ್ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದೆನ್ನುವ) ಪರವಾನಗಿಯ ಯೋಜನೆಗೆ ಸೇರಿಸಿದರೆ ಎಲ್ಲರ ಶ್ರಮಕ್ಕೂ ತೊಡಕಾಗುತ್ತದೆ. ಪದಗಳನ್ನು ಎಲ್ಲಿಂದ ತಂದಿರೆಂಬುದನ್ನು ಅರ್ಜಿಯಲ್ಲಿ ತಿಳಿಸಿ.

ಯೋಜನೆಗಳು ಸುಮಾರು 90, 175 ಅಥವಾ 350 ಗಂಟೆಗಳವಾಗಿರುತ್ತವೆ. ಕೆಲಸವನ್ನು ವಾರವಾರಕ್ಕೆ ಹಂಚಿ, ಪ್ರತಿ ವಾರದ ಕೊನೆಗೆ ಏನು ಕೈಗೆ ಸಿಗುತ್ತದೆಂದು ಬರೆಯಿರಿ. ‘ಕ್ರಿಯಾಪದಗಳ ಅಧ್ಯಯನ’ ಎಂದರೆ ಏನೂ ತಿಳಿಯದು, ‘ಭೂತಕಾಲದ ರೂಪಗಳು, ಇನ್ನೂರು ಧಾತುಗಳಿಗೆ’ ಎಂದರೆ ತಿಳಿಯುತ್ತದೆ. ಸೆಮಿಸ್ಟರ್ ಪರೀಕ್ಷೆಗಳು ಕೋಡಿಂಗ್ ಅವಧಿಯಲ್ಲೇ ಬಂದರೆ ಆ ವಾರಗಳನ್ನು ಖಾಲಿ ಬಿಟ್ಟು, ಕಾರಣವನ್ನು ಮುಚ್ಚಿಡದೆ ಹೇಳಿ.

ಕರಡನ್ನು ಕೊನೆಯ ದಿನಾಂಕಕ್ಕೆ ಎರಡು ವಾರ ಮೊದಲೇ ಮೆಂಟರ್‌ಗೆ ತೋರಿಸಿ, ಅವರ ಆಕ್ಷೇಪಗಳಿಗೆ ಅದರಲ್ಲೇ ಉತ್ತರ ಸೇರಿಸಿ. ಪಿಡಿಎಫ್ ಸಲ್ಲಿಸಿದ ನಂತರವೂ ಕೊನೆಯ ದಿನಾಂಕದವರೆಗೆ ತಿದ್ದಿದ ಪ್ರತಿಯನ್ನು ಮತ್ತೆ ಏರಿಸಲು ಅವಕಾಶವಿರುತ್ತದೆ. ಫಲಿತಾಂಶ ಬರುವತನಕದ ವಾರಗಳಲ್ಲಿ ಗುರುತಿಸದೆ ಉಳಿದ ಪದಗಳ ಪಟ್ಟಿಯನ್ನು ಕೈಗೆತ್ತಿಕೊಂಡು, ಒಂದೊಂದನ್ನೇ ನಿಘಂಟಿಗೆ ಸೇರಿಸುತ್ತಾ ಹೋಗಿ.