ಬಿಸಿಲಿಗೆ ಬಿರಿಯುವ ಮಾಳಿಗೆ: ರಾಯಚೂರಿನಲ್ಲಿ ನನ್ನ ಅನುಭವ

ನಮ್ಮ ರಾಯಚೂರು ಸೀಮೆಯಲ್ಲಿ ಮಾಳಿಗೆ, ಅಂದರೆ ಮನೆಯ ಮೇಲ್ಛಾವಣಿ, ಕೆಡುವುದು ಬಿಸಿಲಿಗೆ. ಸೋರುವುದು ಮಳೆಗಾಲದಲ್ಲಾದ್ದರಿಂದ ಎಲ್ಲರೂ ಮಳೆಯನ್ನು ಬಯ್ಯುತ್ತಾರೆ. ವರ್ಷಕ್ಕೆ ಆರುನೂರು ಚಿಲ್ಲರೆ ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಮಲೆನಾಡಿನವರು ಅಷ್ಟನ್ನು ಒಂದೇ ವಾರದಲ್ಲಿ ಕಾಣುವುದುಂಟು. ಆದರೂ ಇಲ್ಲಿ ಮೃಗಶಿರ ಮಳೆ ಬಿದ್ದೊಡನೆ ನನ್ನ ಮೊಬೈಲ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಇಬ್ಬರು ಗೌಂಡಿಗಳನ್ನು ಕಟ್ಟಿಕೊಂಡು ಮನೆ, ಅಂಗಡಿ, ಗೋದಾಮುಗಳ ಮಾಳಿಗೆ ರಿಪೇರಿ ಮಾಡಿಸುವುದು ನನ್ನ ಕಸುಬು.

ಮೇ ತಿಂಗಳಲ್ಲಿ ಇಲ್ಲಿಯ ಗಾಳಿಯೇ 42-43 ಡಿಗ್ರಿ ಕಾದಿರುತ್ತದೆ. ಮಾಳಿಗೆಯ ಕಾಂಕ್ರೀಟು ಸ್ಲ್ಯಾಬು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ, ಮಧ್ಯಾಹ್ನ ಬರಿಗಾಲಿಡಲಾಗದು. ಮೂವತ್ತು ಅಡಿ ಉದ್ದದ ಕಾಂಕ್ರೀಟು 40 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ, ತಣಿದಾಗ ಮತ್ತೆ ಕುಗ್ಗುತ್ತದೆ. ಅದರ ಅಂಚಿನ ಮೇಲೆ ಕಟ್ಟಿದ ಇಟ್ಟಿಗೆಯ ಗಿಡ್ಡ ಪ್ಯಾರಾಪೆಟ್ ಗೋಡೆ ಅಷ್ಟೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಎರಡೂ ಕೂಡುವ ಮೂಲೆಯಲ್ಲಿ ಗಿಲಾವು (ಪ್ಲಾಸ್ಟರ್) ಬಿಡುತ್ತದೆ. ಕೂದಲೆಳೆಯಷ್ಟು ಸಂದು ಸಾಕು, ಮೊದಲ ಮಳೆಯ ನೀರು ದಾರಿ ಹುಡುಕಿಕೊಳ್ಳುತ್ತದೆ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಈ ಮೂಲೆಯವೇ. ಜನ ಮಾತ್ರ ಮಾಳಿಗೆಯ ನಟ್ಟನಡುವೆ ಡಬ್ಬಿಗಟ್ಟಲೆ ಬಣ್ಣ ಸುರಿಯುತ್ತಾರೆ.

ಆದ್ದರಿಂದ ನಾನು ಮಾಳಿಗೆ ಹತ್ತುವುದು ಯುಗಾದಿಯ ನಂತರ, ರೋಹಿಣಿ ಮಳೆಗೆ ಮೊದಲು. ಹೊತ್ತು ಮೂಡುವ ಸಮಯವೇ ಸರಿ. ಓರೆ ಬಿಸಿಲಿನಲ್ಲಿ ಸಣ್ಣ ಬಿರುಕೂ ನೆರಳು ಚೆಲ್ಲಿ ಕಾಣಿಸುತ್ತದೆ. ಮೊದಲು ಕಸ ಗುಡಿಸುತ್ತೇವೆ. ಕಸದ ಕೆಳಗೆ ಏನೂ ತಿಳಿಯುವುದಿಲ್ಲ. ಆಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗುವುದು. ಗಟ್ಟಿ ಇರುವ ಕಡೆ ಕಣಕಣ ಎನ್ನುತ್ತದೆ, ಬಿಟ್ಟುಕೊಂಡ ಕಡೆ ಡಬ್ ಎಂದು ಟೊಳ್ಳು ಸದ್ದು ಬರುತ್ತದೆ. ಟೊಳ್ಳು ಇದ್ದಲ್ಲಿ ಬಳಪದಿಂದ ಗುಂಡಗೆ ಗೆರೆ ಹಾಕುತ್ತೇನೆ. ನಂತರ ಕೆಳಗಿಳಿದು ಕೋಣೆಯ ಒಳಗಿನಿಂದ ಸೂರು ನೋಡುತ್ತೇನೆ. ಬಿಳಿ ಉಪ್ಪು ಮೂಡಿದ್ದರೆ ನೀರು ಹಲವು ಸಲ ಹಾದುಹೋಗಿದೆ ಎಂದರ್ಥ. ಕಂದು ಗೆರೆ ಕಂಡರೆ ನನಗೆ ನಿಜಕ್ಕೂ ಚಿಂತೆ, ಏಕೆಂದರೆ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ತಗುಲಿದೆ. ತುಕ್ಕು ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟು ಚಕ್ಕೆಯಾಗಿ ಉದುರುತ್ತದೆ. ಸರಳಿನ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕು. ಸ್ಲ್ಯಾಬು ಹಾಕುವ ದಿನ ಸರಳನ್ನು ಅಷ್ಟು ಎತ್ತರಕ್ಕೆ ಹಿಡಿದಿಡುವ ಸಿಮೆಂಟಿನ ಬಿಲ್ಲೆ ಇಡುವುದನ್ನು ತಪ್ಪಿಸಿದವರ ಮನೆಗಳಲ್ಲಿ ಈ ರೋಗ ಬೇಗ ಕಾಣಿಸಿಕೊಳ್ಳುತ್ತದೆ.

ಗಂಜ್ ಮಾರುಕಟ್ಟೆ ಕಡೆಯ ಒಂದು ಕಿರಾಣಿ ಅಂಗಡಿಯ ಮಾತು ಹೇಳುತ್ತೇನೆ. ಅಂಗಡಿಯ ಅವ್ವ ಕರೆದು, ‘ತಮ್ಮಾ, ಫ್ಯಾನಿನ ಕೊಕ್ಕೆಯಿಂದಲೇ ನೀರು ತೊಟ್ಟಿಕ್ಕುತ್ತಿದೆ. ಅದರ ಮೇಲೆ ಎರಡು ಸಲ ಸಿಮೆಂಟು ಬಳಿಸಿದೆ, ನಿಲ್ಲಲೊಲ್ಲದು’ ಎಂದರು. ‘ಅವ್ವಾ, ಮೊದಲು ಮೇನ್ ಸ್ವಿಚ್ ಆಫ್ ಮಾಡಿರಿ’ ಎಂದೆ. ಫ್ಯಾನಿನ ಡಬ್ಬಿಗೆ ಸ್ಲ್ಯಾಬಿನೊಳಗೆ ವೈರಿನ ಪೈಪು ಹೂತಿರುತ್ತದೆ. ನೀರು ಎಲ್ಲಿಯೋ ಒಳನುಗ್ಗಿ ಆ ಪೈಪು ಹಿಡಿದು ಬಂದು ಡಬ್ಬಿಯಲ್ಲಿ ಇಳಿಯುವುದುಂಟು. ಮೇಲೆ ಹೋಗಿ ಮಾಳಿಗೆಯನ್ನು ಹಸಿಮಣ್ಣಿನ ಬದುವಿನಿಂದ ನಾಲ್ಕು ಪಾಲು ಮಾಡಿ, ಇಳಿಜಾರಿನ ತಗ್ಗು ಕಡೆಯಿಂದ ಒಂದೊಂದೇ ಪಾಲಿಗೆ ನೀರು ನಿಲ್ಲಿಸಿದೆವು. ಫ್ಯಾನಿನ ನೇರ ಮೇಲಿನ ಪಾಲಿಗೆ ನೀರು ಕಟ್ಟಿದಾಗ ಒಂದು ಹನಿಯೂ ಇಳಿಯಲಿಲ್ಲ. ಪ್ಯಾರಾಪೆಟ್ ಬದಿಯ ಪಾಲು ತುಂಬಿದ ಸ್ವಲ್ಪ ಹೊತ್ತಿಗೆ ಕೊಕ್ಕೆ ಒದ್ದೆಯಾಯಿತು. ಅಲ್ಲಿ ಡಿಶ್ ಆಂಟೆನಾ ಕೂರಿಸಲು ಸ್ಲ್ಯಾಬಿಗೇ ಬೋಲ್ಟು ಹೊಡೆದಿದ್ದರು. ಆಂಟೆನಾ ಹೋಗಿ ತೂತು ಉಳಿದಿತ್ತು. ಫ್ಯಾನಿಗೂ ಆ ತೂತಿಗೂ ಹತ್ತು ಅಡಿ ಅಂತರ. ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದು ನಂಬಿದವರು ಎಷ್ಟು ಹಣ ಸುರಿದರೂ ಸೋರಿಕೆ ನಿಲ್ಲುವುದಿಲ್ಲ.

ದೋಷ ಸಿಕ್ಕ ಮೇಲಿನ ಕೆಲಸದಲ್ಲಿ ಗುಟ್ಟೇನಿಲ್ಲ, ತಾಳ್ಮೆ ಬೇಕು. ಬಿರುಕನ್ನು ಉಳಿಯಿಂದ ಇಂಗ್ಲಿಷಿನ ವಿ ಆಕಾರಕ್ಕೆ ಅರ್ಧ ಇಂಚು ಅಗಲಿಸಿ, ಧೂಳು ಊದಿ, ನೀರು ಚಿಮುಕಿಸಿ, ಪಾಲಿಮರ್ ಎಂಬ ಅಂಟುದ್ರವ ಬೆರೆಸಿದ ಗಾರೆ ತುಂಬುತ್ತೇವೆ. ಅಗಲಿಸದೆ ಮೇಲೆಮೇಲೆ ಬಳಿದ ಸಿಮೆಂಟು ಒಂದು ಬೇಸಿಗೆಯನ್ನೂ ತಾಳದು. ಪ್ಯಾರಾಪೆಟ್ ಮೂಲೆಗೆ ಚೂಪು ಕೋನ ಬಿಡದೆ ಗೋಲವಾಗಿ ಗಾರೆ ಕಟ್ಟಿ, ಮೇಲೆ ಫೈಬರ್ ಜಾಳಿಗೆ ಹಾಸಿ, ನೀರು ತಡೆಯುವ ಲೇಪ ಎರಡು ಕೈ ಕೊಡುತ್ತೇವೆ. ಮೊದಲ ಕೈ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಬೆಳಗಿನ ಹೊತ್ತೇ ಆಗಬೇಕು. ಕಾದ ಸ್ಲ್ಯಾಬಿನ ಮೇಲೆ ಗಾರೆ ಇಟ್ಟರೆ ಅದರ ನೀರು ಆವಿಯಾಗಿ ಗಾರೆ ಹುಡಿಯಾಗುತ್ತದೆ. ಗಾರೆಗೆ ಒದ್ದೆ ಗೋಣಿಚೀಲ ಹೊದಿಸಿ ಒಂದು ವಾರ ನೀರು ಉಣಿಸಲೇಬೇಕು. ಲೇಪ ಕೊಡುವುದು ಆ ನೀರು ಪೂರ್ತಿ ಆರಿದ ಮೇಲೆ. ಕೊನೆಗೆ ಬಿಳಿ ಬಣ್ಣ. ದುಬಾರಿ ಬಣ್ಣಕ್ಕೆ ಹಣ ಇಲ್ಲದವರು ಸುಣ್ಣಕ್ಕೆ ಅಂಟು ಬೆರೆಸಿ ಪ್ರತಿ ಬೇಸಿಗೆಗೆ ಹೊಡೆಸಿದರೂ ಸಾಕು. ಬಿಳಿ ಮಾಳಿಗೆ ಕಡಿಮೆ ಕಾಯುತ್ತದೆ, ಕಡಿಮೆ ಹಿಗ್ಗುತ್ತದೆ, ರಾತ್ರಿ ಕೋಣೆಯಲ್ಲಿ ನಿದ್ದೆಯೂ ಬರುತ್ತದೆ.

ನೀರು ಹೊರಗೆ ಹೋಗುವ ದಾರಿ ಮಾತ್ರ ಎಂದೂ ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ. ಇಳಿಜಾರು ನೂರು ಅಡಿಗೆ ಒಂದು ಅಡಿಯಾದರೂ ಇರಲಿ. ಅಕ್ಕಿ ಗಿರಣಿಗಳ ಸುತ್ತಲಿನ ಮಾಳಿಗೆಗಳಲ್ಲಿ ಹೊಟ್ಟಿನ ಬೂದಿ ಮತ್ತು ಧೂಳು ಕೂತು ಪೈಪಿನ ಬಾಯಿಯಲ್ಲಿ ಗಟ್ಟಿಯಾಗುತ್ತದೆ. ಬೇವಿನ ಎಲೆ, ಪಾರಿವಾಳದ ಗೂಡು ಬೇರೆ. 30 ಅಡಿಗೆ 40 ಅಡಿಯ ಮನೆಯ ಮೇಲೆ ಒಂದು ಇಂಚು ನೀರು ನಿಂತರೆ ಸುಮಾರು 2,800 ಲೀಟರ್, ಅಂದರೆ ಮೂರು ಟನ್ನಿಗೆ ಹತ್ತಿರ ಭಾರ. ಸಂದಿಯಲ್ಲಿ ಅರಳಿ ಸಸಿ ಎದ್ದಿದ್ದರೆ ಎಷ್ಟೋ ಮನೆಯವರು ಕೀಳಲು ಒಪ್ಪುವುದಿಲ್ಲ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಸುತ್ತಲಿನ ಗಾರೆ ಬಿಡಿಸಿ ಬೇರುಸಹಿತ ತೆಗೆದು ಗುಡಿಯ ಬಳಿ ನೆಟ್ಟು ಬರುತ್ತೇವೆ. ಮೇಲಿಂದ ಕಿತ್ತರೆ ಬೇರು ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ಹಳ್ಳಿಗಳ ಮಣ್ಣಿನ ಮಾಳಿಗೆ ಬೇರೆಯೇ ವಿದ್ಯೆ. ಮಸ್ಕಿ, ಲಿಂಗಸುಗೂರು ಕಡೆ ಇನ್ನೂ ಉಳಿದಿವೆ. ಕೆಳಗೆ ತೊಲೆ, ಅದರ ಮೇಲೆ ಜಂತಿ, ಕಟ್ಟಿಗೆಯ ಚಕ್ಕೆ, ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವುಳು ಮಣ್ಣು, ಅಂದರೆ ಕ್ಷಾರದ ಮಣ್ಣು. ಹೊಲ ಕೆಡಿಸುವ ಸವುಳು ಮಾಳಿಗೆಯನ್ನು ಉಳಿಸುತ್ತದೆ. ಅದರಲ್ಲಿರುವ ಸೋಡಿಯಂನಿಂದಾಗಿ ಮಣ್ಣಿನ ಕಣ ನೀರು ತಾಗಿದೊಡನೆ ಚದುರಿ ತೂತುಗಳನ್ನೆಲ್ಲ ಮುಚ್ಚಿಬಿಡುತ್ತದೆ. ನಮ್ಮ ಹಿರಿಯರು ಇದನ್ನು ಕಂಡುಕೊಂಡದ್ದು ದೊಡ್ಡ ಸಂಗತಿ. ಆದರೆ ಪ್ರತಿ ವರ್ಷ ಹಳೆಯದನ್ನು ಕೆರೆಯದೆ ಹೊಸ ಮಣ್ಣು ಪೇರಿಸುವ ರೂಢಿ ಅಪಾಯದ್ದು. ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಕೋಣೆಗೆ ಒಂದು ಇಂಚು ಮಣ್ಣು ಎಂದರೆ ಮುಕ್ಕಾಲು ಟನ್. ಹತ್ತು ವರ್ಷ ಹೀಗೆ ಹಾಕಿದರೆ ಜಂತಿಯ ಮೇಲೆ ಏಳೂವರೆ ಟನ್ ಕೂತಿರುತ್ತದೆ, ನೆನೆದಾಗ ಇನ್ನೂ ಹೆಚ್ಚು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡದೆ ಸುರಿದ ಮಳೆಗೆ ನಮ್ಮ ಜಿಲ್ಲೆಯ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದದ್ದನ್ನು ಕಂಡವರು ಈ ಲೆಕ್ಕವನ್ನು ಹಗುರವಾಗಿ ಎಣಿಸುವುದಿಲ್ಲ. ನಾನು ಮೊದಲು ಹಳೆಯ ಪದರ ಕೆರೆಸುತ್ತೇನೆ, ಗೋಡೆಯಲ್ಲಿ ಕೂತ ಜಂತಿಯ ತುದಿಗೆ ಮೊಳೆ ಚುಚ್ಚಿ ನೋಡುತ್ತೇನೆ. ಮೊಳೆ ಸಲೀಸಾಗಿ ಇಳಿದರೆ ಗೆದ್ದಲು ಹಿಡಿದಿದೆ, ಇಲ್ಲವೇ ಮರ ಕೊಳೆತಿದೆ. ಆಗ ಮಣ್ಣಿನ ಮಾತು ಬಿಟ್ಟು ಜಂತಿ ಬದಲಿಸುವ ಮಾತು.

ಗೋದಾಮಿನ ಪತ್ರಾಸಿಗೆ, ಅಂದರೆ ಶೀಟಿನ ಮಾಳಿಗೆಗೆ ಬಂದರೆ, ನೋಡಬೇಕಾದದ್ದು ಬೋಲ್ಟಿನ ಕೆಳಗಿನ ರಬ್ಬರ್ ವಾಷರ್. ಬಿಸಿಲಿಗೆ ಅದು ಒಣಗಿ ಸೀಳುತ್ತದೆ. ಬೋಲ್ಟು ಶೀಟಿನ ಏರಿನ ಮೇಲಿರಬೇಕು, ತಗ್ಗಿನಲ್ಲಿ ಹೊಡೆದಿದ್ದರೆ ನೀರು ಹರಿಯುವ ದಾರಿಯಲ್ಲೇ ತೂತು ಮಾಡಿದಂತೆ. ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಬಾರದು, ಹಲಗೆ ಹಾಸಿಯೇ ನಡೆಯಬೇಕು. ಹಳೆಯ ಶೀಟಿನಲ್ಲಿ ಕಲ್ನಾರು ಇರುತ್ತದೆ, ಒಣಗಿದ್ದಾಗ ಉಜ್ಜಬೇಡಿ, ಕೊರೆಯಬೇಡಿ. ಆ ಧೂಳು ಶ್ವಾಸಕೋಶ ಹಾಳುಮಾಡುತ್ತದೆ.

ಎರಡನೇ ತಪಾಸಣೆ ಚಿತ್ತಿ ಮಳೆ ಮುಗಿದ ಮೇಲೆ, ದೀಪಾವಳಿ ಹೊತ್ತಿಗೆ. ಮಳೆ ನಿಂತು ಎರಡು ದಿನವಾದರೂ ನೀರು ನಿಂತಿರುವ ಕಡೆ ಬಳಪದಿಂದ ಗೆರೆ ಎಳೆದುಕೊಳ್ಳುತ್ತೇನೆ, ಮುಂದಿನ ಬೇಸಿಗೆಗೆ ಅಲ್ಲಿ ಗಾರೆ ಎತ್ತರಿಸಬೇಕು. ಸಂಶಯ ಬಂದ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಹಾಕಿ ತಾರೀಖು ಬರೆದಿಡುತ್ತೇನೆ. ಮುಂದಿನ ಸಲ ಬಿರುಕು ಗೆರೆ ದಾಟಿ ಬೆಳೆದಿದ್ದರೆ, ಇಲ್ಲವೇ ಗೋಡೆಯೊಳಗೂ ಇಳಿದಿದ್ದರೆ ನಾನು ಬಣ್ಣದ ಡಬ್ಬಿ ತೆರೆಯುವುದಿಲ್ಲ. ತಳಪಾಯ ನೋಡಬಲ್ಲ ಇಂಜಿನಿಯರನ್ನು ಕರೆಸಿರಿ ಎಂದು ಮನೆಯವರಿಗೆ ಹೇಳಿ ಬರುತ್ತೇನೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವಂಥದ್ದು. ಅಂಥ ಬಿರುಕು ಮಾಳಿಗೆಯಲ್ಲಿ ಕಂಡರೂ ಹುಟ್ಟಿದ್ದು ನೆಲದಲ್ಲಿ.