ಹೌಸ್‌ಕೀಪಿಂಗ್ ಬಿಲ್ಲಿನ ಒಳಗೆ ಏನಿತ್ತು: ಅಪಾರ್ಟ್‌ಮೆಂಟ್ ಖಜಾಂಚಿಯೊಬ್ಬನ ಅನುಭವ

ಬೆಂಗಳೂರಿನ ಕನಕಪುರ ರಸ್ತೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ 180 ಮನೆಗಳಿವೆ. ಮೆಟ್ಟಿಲು, ಕಾರಿಡಾರ್, ಬೇಸ್‌ಮೆಂಟ್‌ಗಳನ್ನು ಗುಡಿಸಿ ಒರೆಸುವುದಕ್ಕೂ ಮನೆಮನೆಯ ಕಸವನ್ನು ಸಂಗ್ರಹಿಸಿ ಬೇರ್ಪಡಿಸುವುದಕ್ಕೂ 16 ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ದುಡಿಯಲು ಬಂದ ಹೆಂಗಸರು. ಕಾಗದದ ಪ್ರಕಾರ ಅವರು ಯಾರೂ ನಮ್ಮವರಲ್ಲ, ಏಜೆನ್ಸಿಯ ನೌಕರರು. ಏಜೆನ್ಸಿ ತಿಂಗಳಿಗೊಂದು ಬಿಲ್ ಕಳುಹಿಸುತ್ತದೆ, ನಿವಾಸಿಗಳ ಸಂಘ ಹಣ ಪಾವತಿಸುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಲೆಕ್ಕಪತ್ರದ ಕೆಲಸದಲ್ಲೇ ಬದುಕು ಕಳೆದ ನಾನು ನಿವೃತ್ತಿಯ ನಂತರ ಸಂಘದ ಖಜಾಂಚಿಯಾದಾಗ ಆ ಬಿಲ್ಲನ್ನು ಬಿಡಿಸಿ ನೋಡುವ ಅವಕಾಶ ಸಿಕ್ಕಿತು. ಆಮೇಲೆ ಏನೇನು ಮಾಡಿದೆವು ಎಂಬುದನ್ನು, ಇಂಥದೇ ಸಂಘಗಳಲ್ಲಿ ಹೊಣೆ ಹೊತ್ತವರಿಗೆ ಉಪಯೋಗವಾಗಬಹುದೆಂದು, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಏಜೆನ್ಸಿಯನ್ನು ಆರಿಸುವ ಪದ್ಧತಿ ಎಲ್ಲ ಕಡೆಯಂತೆಯೇ ಇತ್ತು: ಮೂರು ಕೊಟೇಶನ್ ತರಿಸುವುದು, ಯಾರದು ಕಡಿಮೆಯೋ ಅವರಿಗೆ ಕೊಡುವುದು. ಆಗಿನ ಏಜೆನ್ಸಿಯ ದರ ಜಿಎಸ್‌ಟಿ ಬಿಟ್ಟು ಒಬ್ಬರಿಗೆ ತಿಂಗಳಿಗೆ ಹದಿನೇಳು ಸಾವಿರ ರೂಪಾಯಿಯಷ್ಟಿತ್ತು. ಇದು ಹೆಚ್ಚೋ ಕಡಿಮೆಯೋ ಎಂದು ಸಮಿತಿಯಲ್ಲಿ ಚರ್ಚೆ ನಡೆದಾಗಲೆಲ್ಲ ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳ ದರವೇ ಅಳತೆಗೋಲಾಗುತ್ತಿತ್ತು. ನಾನು ಅದನ್ನು ಬದಿಗಿಟ್ಟು, ಕಾನೂನಿನ ಪ್ರಕಾರ ಕೊಡಲೇಬೇಕಾದುದನ್ನು ಕೆಳಗಿನಿಂದ ಮೇಲಕ್ಕೆ ಕೂಡಿಸಿ ನೋಡಿದೆ.

ರಾಜ್ಯದ ಕಾರ್ಮಿಕ ಇಲಾಖೆ ಉದ್ಯೋಗ, ವಲಯ ಮತ್ತು ಕೌಶಲ್ಯಕ್ಕೆ ಅನುಗುಣವಾಗಿ ಕನಿಷ್ಠ ವೇತನವನ್ನು ಅಧಿಸೂಚನೆಯಲ್ಲಿ ಪ್ರಕಟಿಸುತ್ತದೆ. ಮೂಲ ವೇತನದ ಮೇಲಿನ ತುಟ್ಟಿಭತ್ಯೆ ಪ್ರತಿವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಲೆಕ್ಕ ಸುಲಭವಾಗಲೆಂದು ಇವೆರಡೂ ಸೇರಿದ ತಿಂಗಳ ಮೊತ್ತವನ್ನು 15,000 ರೂಪಾಯಿ ಎಂದೇ ಇಟ್ಟುಕೊಳ್ಳೋಣ. ಅದರ ಮೇಲೆ ಪಿಎಫ್‌ನಲ್ಲಿ ಮಾಲೀಕರ ಪಾಲು ಶೇ 12, ವಿಮೆ ಮತ್ತು ಆಡಳಿತ ವೆಚ್ಚ ಸೇರಿದರೆ ಶೇ 13, ಅಂದರೆ 1,950 ರೂಪಾಯಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ 3.25ರಂತೆ ಸುಮಾರು 488 ರೂಪಾಯಿ. ಕನಿಷ್ಠ ಬೋನಸ್ ಶೇ 8.33ರಂತೆ ಸುಮಾರು 1,250 ರೂಪಾಯಿ. ವಾರದ ರಜೆಯ ದಿನ ಕೆಲಸ ನಿಲ್ಲಬಾರದೆಂದರೆ ಬದಲಿಯವರು ಬೇಕು, ಅವರಿಗೂ ಸಂಬಳ ಬೇಕು. ಅದಕ್ಕೆ ವೇತನದ ಆರನೆಯ ಒಂದು ಭಾಗ, 2,500 ರೂಪಾಯಿ. ಇಷ್ಟಾಗುವಷ್ಟರಲ್ಲೇ ಮೊತ್ತ 21,000 ದಾಟುತ್ತದೆ. ಏಜೆನ್ಸಿಯ ಸೇವಾ ಶುಲ್ಕ, ಸಮವಸ್ತ್ರ ಎಂದು ಇನ್ನೊಂದಿಷ್ಟು ಸೇರಿಸಿದರೆ ಯಾವ ಪ್ರಾಮಾಣಿಕ ಏಜೆನ್ಸಿಗೂ 22,000ಕ್ಕಿಂತ ಕೆಳಗೆ ದರ ಹೇಳಲು ಸಾಧ್ಯವಿಲ್ಲ. ಹಾಗಿರುವಾಗ ಹದಿನೇಳು ಸಾವಿರಕ್ಕೆ ಒಪ್ಪಿಕೊಂಡವರು ನಷ್ಟಕ್ಕೆ ವ್ಯಾಪಾರ ಮಾಡುತ್ತಿರಲಿಲ್ಲ; ಉಳಿದ ಐದು ಸಾವಿರವನ್ನು ಗುಡಿಸುವವರಿಂದಲೇ ವಸೂಲು ಮಾಡುತ್ತಿದ್ದರು. ನಾವು ‘ಚೌಕಾಸಿ ಮಾಡಿ ಉಳಿಸಿದೆವು’ ಎಂದು ವಾರ್ಷಿಕ ವರದಿಯಲ್ಲಿ ಬರೆದುಕೊಂಡಿದ್ದ ಹಣ ಅದೇ.

ಹೇಗೆ ವಸೂಲಾಗುತ್ತಿತ್ತು ಎಂಬುದು ಬಿಲ್ಲಿನಲ್ಲಿ ಕಾಣುವುದಿಲ್ಲ. ಅದಕ್ಕಾಗಿ ಕೆಲಸದವರನ್ನೇ ಕೇಳಬೇಕಾಯಿತು, ಅದೂ ಸೂಪರ್‌ವೈಸರ್ ಇಲ್ಲದ ಹೊತ್ತಿನಲ್ಲಿ. ಮೊದಮೊದಲು ಯಾರೂ ಬಾಯಿಬಿಡಲಿಲ್ಲ. ಸಮಿತಿಯವರು ಸಂಬಳ ಕೇಳುತ್ತಿದ್ದಾರೆಂದರೆ ಆಳು ಕಡಿಮೆ ಮಾಡುತ್ತಾರೆ ಎಂಬ ಅನುಮಾನ ಅವರಿಗೆ. ಯಾದಗಿರಿ ಕಡೆಯ ಒಬ್ಬ ಹೆಂಗಸು ಮೊಬೈಲಿನಲ್ಲಿದ್ದ ಬ್ಯಾಂಕಿನ ಸಂದೇಶ ತೋರಿಸಿದರು. ಹನ್ನೊಂದು ಸಾವಿರ ಚಿಲ್ಲರೆ ಜಮೆಯಾಗಿತ್ತು. “ಇದ್ರಾಗ ಸೂಪರ್‌ವೈಸರ್‌ಗ ಐನೂರು ಕೊಡ್ಬೇಕರಿ ಸರ್, ಇಲ್ಲಂದ್ರ ಬ್ಯಾರೆ ಸೈಟಿಗಿ ಹಾಕ್ತಾರ,” ಎಂದರು. ಬೇರೆ ಸೈಟ್ ಎಂದರೆ ಇನ್ನೆರಡು ಬಸ್ ಬದಲಿಸಿ ಹೋಗಬೇಕಾದ ಜಾಗ, ಮಕ್ಕಳು ಶಾಲೆಗೆ ಹೊರಡುವ ಮೊದಲೇ ಮನೆ ಬಿಡಬೇಕಾದ ಹೊತ್ತು.

ಸಂಬಳದ ಲೆಕ್ಕದ ಒಳಗಿನ ಕೈಚಳಕ ಇನ್ನೂ ಸೂಕ್ಷ್ಮವಾಗಿತ್ತು. ಕನಿಷ್ಠ ವೇತನದ ಮಾಸಿಕ ಮೊತ್ತವೆಂದರೆ ದಿನಗೂಲಿಯ 26 ಪಟ್ಟು. ವಾರದ ರಜೆ ಅದರಲ್ಲೇ ಅಡಕವಾಗಿರುತ್ತದೆ. ಏಜೆನ್ಸಿಯವರು ಆ ಮಾಸಿಕ ಮೊತ್ತವನ್ನು 30ರಿಂದ ಭಾಗಿಸಿ, ಹಾಜರಾದ 26 ದಿನಗಳಿಗೆ ಗುಣಿಸುತ್ತಿದ್ದರು. 15,000 ರೂಪಾಯಿ ಹೀಗೆ 13,000 ಆಗುತ್ತದೆ. ಪಟ್ಟಿಯ ಮೇಲ್ಭಾಗದಲ್ಲಿ ಸರ್ಕಾರಿ ದರವೇ ಇರುತ್ತದೆ, ಗುಣಾಕಾರವೂ ಸರಿಯಾಗಿಯೇ ಇರುತ್ತದೆ, ಆದರೆ ಎರಡು ಸಾವಿರ ರೂಪಾಯಿ ಮಾಯವಾಗಿರುತ್ತದೆ. ಅದಾದ ಮೇಲೆ ಪಿಎಫ್‌ನ ಎರಡೂ ಪಾಲುಗಳನ್ನು ಕೆಲಸದವರಿಂದಲೇ ಕಡಿಯುವುದು, ಸಮವಸ್ತ್ರಕ್ಕೆಂದು ಹಿಡಿಯುವುದು, ಹನ್ನೊಂದು ತಿಂಗಳಾದ ಮೇಲೆ ಹೊಸದಾಗಿ ಸೇರಿದಂತೆ ತೋರಿಸಿ ಗ್ರಾಚ್ಯುಟಿ ಸಿಗಲು ಬೇಕಾದ ಐದು ವರ್ಷದ ಸೇವೆ ಎಂದೂ ತುಂಬದಂತೆ ನೋಡಿಕೊಳ್ಳುವುದು, ಇವೆಲ್ಲ ಇದ್ದವು.

ಪಿಎಫ್ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಅವರಲ್ಲೇ ಒಬ್ಬರಿದ್ದರು. ನಮ್ಮಲ್ಲಿಗೆ ಬರುವ ಮೊದಲು ಅವರು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದಲ್ಲಿದ್ದವರು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಮಾಡಿದ್ದ ನಿಯಮದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದಾಗ ಇವರೂ ಆ ಗುಂಪಿನಲ್ಲಿದ್ದರು. ಎರಡನೆಯ ದಿನವೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಓದಿದವರು ಪಿಎಫ್ ಅನ್ನು ನಿವೃತ್ತಿಯ ಹಣ ಎಂದುಕೊಳ್ಳುತ್ತೇವೆ. ಇವರಿಗೆ ಅದು ಮಗಳ ಮದುವೆ, ಊರಿನ ಮನೆಯ ಸೂರು, ಕೆಲಸ ಹೋದ ಮೂರು ತಿಂಗಳ ಅಕ್ಕಿ. “ಸ್ಲಿಪ್ಪಿನಲ್ಲಿ ಕಟ್ ಮಾಡಿದಾರೆ ಸರ್, ಪಾಸ್‌ಬುಕ್ಕಿನಲ್ಲಿ ಬಂದಿಲ್ಲ. ಚಲನ್ ಕೇಳಿ, ಹೆಸರಿರೋ ಪಟ್ಟಿ ಕೇಳಿ,” ಎಂದು ಅವರೇ ನನಗೆ ದಾರಿ ತೋರಿಸಿದರು.

ಹಾಗೆ ಕೇಳಿದಾಗ ಏಜೆನ್ಸಿ ಕಳುಹಿಸಿದ್ದು ತನ್ನ ಎಲ್ಲ ಸೈಟುಗಳಿಗೂ ಸೇರಿದ ಒಟ್ಟು ಚಲನ್. ಲಕ್ಷಗಟ್ಟಲೆ ಮೊತ್ತ ಕಂಡು ಸಮಿತಿಯ ಕೆಲವರಿಗೆ ಸಮಾಧಾನವಾಯಿತು. ಆದರೆ ಆ ಮೊತ್ತದಲ್ಲಿ ನಮ್ಮ 16 ಮಂದಿ ಇದ್ದಾರೆಯೇ ಎಂಬುದನ್ನು ಚಲನ್ ಹೇಳುವುದಿಲ್ಲ. ಅದರ ಜೊತೆಗೆ ಸಲ್ಲಿಸುವ, ಪ್ರತಿಯೊಬ್ಬರ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಮತ್ತು ವೇತನ ನಮೂದಾಗಿರುವ ಇಸಿಆರ್ ಪಟ್ಟಿ ಮಾತ್ರ ಹೇಳುತ್ತದೆ. ಅದನ್ನು ತರಿಸಿಕೊಂಡು ನೋಡಿದಾಗ ಐವರ ಹೆಸರೇ ಇರಲಿಲ್ಲ. ಇದ್ದವರಲ್ಲೂ ಕೆಲವರ ವೇತನವನ್ನು ತಿಂಗಳಿಗೆ ಹತ್ತು ದಿನ ದುಡಿದಂತೆ ತೋರಿಸಲಾಗಿತ್ತು.

ಇದನ್ನೆಲ್ಲ ಸರ್ವಸದಸ್ಯರ ಸಭೆಯ ಮುಂದಿಟ್ಟಾಗ ನಡೆದ ಚರ್ಚೆ ದೀರ್ಘವಾಗಿತ್ತು. ಸಂಬಳ ಕೊಡುವುದು ಏಜೆನ್ಸಿಯ ಜವಾಬ್ದಾರಿ, ನಮಗೇಕೆ ಎಂಬುದು ಮೊದಲ ಆಕ್ಷೇಪ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕನೇ, ಅಂದರೆ ಗುತ್ತಿಗೆ ಕೊಟ್ಟು ಕೆಲಸ ಮಾಡಿಸಿಕೊಳ್ಳುವವನೇ, ಕೊಟ್ಟು ಆಮೇಲೆ ವಸೂಲು ಮಾಡಿಕೊಳ್ಳಬೇಕು ಎಂದು ನಾನು ಹೇಳಿದೆ. ನಿವಾಸಿಗಳ ಸಂಘಕ್ಕೆ ಆ ಕಾಯ್ದೆ ಅನ್ವಯಿಸುತ್ತದೆಯೇ ಎಂದು ವಕೀಲರಾದ ಸದಸ್ಯರೊಬ್ಬರು ವಾದಕ್ಕೆ ನಿಂತರು. ಅವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಅದೇ ವಕೀಲರು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ ಎಂಬುದನ್ನೂ ಸಭೆಗೆ ತಿಳಿಸಿದರು. ನಂತರ ಸದ್ದು ಸ್ವಲ್ಪ ಇಳಿಯಿತು.

ದೀಪಾವಳಿಗೆ ಸೀರೆ ಕೊಡುತ್ತೇವೆ, ಉಳಿದ ಊಟ ತಿಂಡಿ ಕೊಡುತ್ತೇವೆ, ಮಕ್ಕಳ ಪುಸ್ತಕಕ್ಕೆ ಚಂದಾ ಎತ್ತುತ್ತೇವೆ ಎಂದವರೂ ಇದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ವರ್ಷಕ್ಕೆ ಒಬ್ಬೊಬ್ಬರಿಂದ ಅರವತ್ತು ಸಾವಿರ ಕಡಿದುಕೊಂಡು ಸೀರೆ ಕೊಡುವುದನ್ನು ಯಾವ ಖಾತೆಯಲ್ಲಿ ಬರೆಯಲಿ ಎಂದು ನಾನು ಕೇಳಿದ್ದು ಕೆಲವರಿಗೆ ಕಹಿಯಾಯಿತು, ಇಂದಿಗೂ ಒಬ್ಬಿಬ್ಬರು ಲಿಫ್ಟಿನಲ್ಲಿ ಮಾತಾಡಿಸುವುದಿಲ್ಲ.

ಕೊನೆಗೆ ತೀರ್ಮಾನಕ್ಕೆ ಬಂದದ್ದು ಅಂಕಿಗಳಿಂದ. ಒಬ್ಬರಿಗೆ ಐದು ಸಾವಿರ ಹೆಚ್ಚುವರಿ ಎಂದರೆ 16 ಮಂದಿಗೆ 80,000. ಶೇ 18 ಜಿಎಸ್‌ಟಿ ಸೇರಿ 94,400. ಅದನ್ನು 180 ಮನೆಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 525 ರೂಪಾಯಿ. ಬೇಸ್‌ಮೆಂಟಿನ ದೀಪಗಳಿಗೆ ಸೆನ್ಸರ್ ಹಾಕಿ, ದಿನಕ್ಕೆರಡು ಬಾರಿ ಕಾರಿಡಾರ್ ಒರೆಸುವುದನ್ನು ಒಂದಕ್ಕೆ ಇಳಿಸಿ ಬೇರೆ ಖರ್ಚು ಉಳಿಸಿಕೊಂಡು, ಮೇಂಟೆನೆನ್ಸ್ ಶುಲ್ಕವನ್ನು 400 ರೂಪಾಯಿ ಏರಿಸಲು ಸಭೆ ಒಪ್ಪಿತು. ಆಳುಗಳ ಸಂಖ್ಯೆ ಕಡಿಮೆ ಮಾಡಬಾರದು ಎಂದು ನಿರ್ಣಯದಲ್ಲೇ ಬರೆಸಿದೆವು. ಇಲ್ಲದಿದ್ದರೆ ಸಂಬಳ ಏರಿಸಿದ ನೆಪದಲ್ಲಿ ಹನ್ನೆರಡು ಜನರ ಮೇಲೆ ಹದಿನಾರು ಜನರ ಕೆಲಸ ಬೀಳುತ್ತಿತ್ತು.

ಹೊಸ ಟೆಂಡರಿನಲ್ಲಿ ವೇತನ, ಪಿಎಫ್, ಇಎಸ್‌ಐ, ಬೋನಸ್, ಬದಲಿ ವೆಚ್ಚಗಳನ್ನು ನಾವೇ ತುಂಬಿ ಕಳುಹಿಸಿದೆವು. ಏಜೆನ್ಸಿಗಳು ಪೈಪೋಟಿ ಮಾಡಬೇಕಾದದ್ದು ಸೇವಾ ಶುಲ್ಕ ಒಂದರಲ್ಲಿ ಮಾತ್ರ. ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಿದರೆ ಬಿಲ್ಲೂ ತಾನಾಗಿ ಏರುತ್ತದೆ ಎಂಬ ಕಲಮು ಹಾಕಿದೆವು, ಏಕೆಂದರೆ ಹಳೆಯ ಕರಾರಿನಲ್ಲಿ ದರ ಎರಡು ವರ್ಷಕ್ಕೆ ಸ್ಥಿರವಾಗಿದ್ದು ಎರಡನೆಯ ವರ್ಷದ ಏರಿಕೆಯೂ ಕೆಲಸದವರ ತಲೆಯ ಮೇಲೇ ಬೀಳುತ್ತಿತ್ತು. ಪ್ರತಿ ತಿಂಗಳು 7ರೊಳಗೆ ಎಲ್ಲರ ಬ್ಯಾಂಕ್ ಖಾತೆಗೆ ಸಂಬಳ ಬಿದ್ದಿರಬೇಕು; ಹಿಂದಿನ ತಿಂಗಳ ಇಸಿಆರ್ ಪಟ್ಟಿ, ಇಎಸ್‌ಐ ಚಲನ್ ಲಗತ್ತಿಸದ ಬಿಲ್ ಪಾಸಾಗುವುದಿಲ್ಲ. ಅದಕ್ಕೆ ಪ್ರತಿಯಾಗಿ, ಎಲ್ಲ ಸರಿಯಿದ್ದರೆ ಐದು ದಿನಗಳಲ್ಲಿ ಹಣ ಪಾವತಿಸುತ್ತೇವೆ ಎಂದು ನಾವೂ ಬರೆದುಕೊಟ್ಟೆವು. ಏಜೆನ್ಸಿಗಳನ್ನು ಬೈಯುವುದು ಸುಲಭ. ಆದರೆ ಎಷ್ಟೋ ಸಂಘಗಳು ಬಿಲ್ಲನ್ನು ಎರಡು ತಿಂಗಳು ಎಳೆಯುತ್ತವೆ, ಸಣ್ಣ ಏಜೆನ್ಸಿಯವನು ಬಡ್ಡಿಗೆ ತಂದು ಸಂಬಳ ಹಾಕುತ್ತಾನೆ ಎಂಬುದೂ ನಿಜ.

2025ರ ನವೆಂಬರ್ 21ರಿಂದ, ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ, ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯವಾಗಿರುವುದು ಒಳ್ಳೆಯದೇ. ಆದರೆ ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸುವ ಮಿತಿ 20 ಜನರಿಂದ 50ಕ್ಕೆ ಏರಿದೆ. ನಮ್ಮಂಥ ಜಾಗಗಳಲ್ಲಿ ಅಷ್ಟು ಜನ ಇರುವುದೇ ಅಪರೂಪ. ಕಾಯ್ದೆಯನ್ನೇ ನೆಚ್ಚಿಕೊಳ್ಳದೆ ಕರಾರಿನಲ್ಲೇ ಬರೆಸಿದ್ದು ಈಗ ಅನುಕೂಲವಾಯಿತು.

ಕಾಗದದಲ್ಲಿ ಗೆದ್ದ ಮೇಲೂ ನಿಜವಾದ ಶ್ರಮ ಬಾಕಿ ಇತ್ತು. ಕ್ಲಬ್‌ಹೌಸಿನಲ್ಲಿ ಭಾನುವಾರಗಳಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬೊಬ್ಬರ ಪಿಎಫ್ ಖಾತೆ ತೆರೆಯಲು ಕುಳಿತೆವು. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಕಾಗುಣಿತ. ಒಬ್ಬರಿಗೆ ಹುಟ್ಟಿದ ದಿನಾಂಕ ಜನವರಿ 1, ಇನ್ನೊಬ್ಬರಿಗೂ ಜನವರಿ 1, ವರ್ಷ ಮಾತ್ರ ಎರಡು ಕಡೆ ಬೇರೆ ಬೇರೆ. ಆಧಾರ್‌ಗೆ ಜೋಡಿಸಿದ್ದ ಸಿಮ್ ರೀಚಾರ್ಜ್ ಇಲ್ಲದೆ ಎಂದೋ ಸತ್ತುಹೋಗಿರುವುದರಿಂದ ಒಟಿಪಿ ಬರುವುದಿಲ್ಲ. ಏಜೆನ್ಸಿ ಬದಲಾದಾಗಲೆಲ್ಲ ಹೊಸ ಯುಎಎನ್ ಮಾಡಿಸಿದ್ದರಿಂದ ಒಬ್ಬರ ಹಣ ಮೂರು ಖಾತೆಗಳಲ್ಲಿ ಹರಿದು ಹಂಚಿತ್ತು. ಆಧಾರ್ ಕೇಂದ್ರಕ್ಕೆ ಹೋಗಲು ಅರ್ಧ ದಿನ ಬೇಕು, ಅರ್ಧ ದಿನದ ಕೂಲಿ ಹೋಗುತ್ತದೆ. ಹಾಗಾಗಿ ಆ ಅರ್ಧ ದಿನಕ್ಕೆ ಹಾಜರಿ ಕೊಡಬೇಕೆಂದು ಸಮಿತಿಯಲ್ಲಿ ಒಪ್ಪಿಸಿಕೊಂಡೆ. ಕೆಲವರ ಹಳೆಯ ಹಣ ಕೈಗೆ ಬಂತು, ಕೆಲವರದು ಬರಲೇ ಇಲ್ಲ.

ಇಎಸ್‌ಐ ಬಗ್ಗೆ ಮಾತ್ರ ಯಾರಿಗೂ ನಂಬಿಕೆ ಇರಲಿಲ್ಲ, ಕಾರ್ಡು ಬರೀ ಕಟಾವಣೆಗೆ ಎಂದೇ ತಿಳಿದಿದ್ದರು. ಒಬ್ಬರು ಮೆಟ್ಟಿಲು ಒರೆಸುವಾಗ ಜಾರಿ ಬಿದ್ದು ಮುಂಗೈ ಮುರಿದುಕೊಂಡಾಗ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಕರೆದೊಯ್ದೆವು. ಸರದಿ ಉದ್ದವಿತ್ತು, ಚಿಕಿತ್ಸೆಗೆ ಹಣ ಕೇಳಲಿಲ್ಲ. ಕೆಲಸದ ವೇಳೆಯ ಅಪಘಾತವಾದ್ದರಿಂದ ಕೈ ಕೂಡುವವರೆಗೆ ವೇತನದ ಶೇ 90ರಷ್ಟು ಅವರ ಖಾತೆಗೇ ಬಂತು. ಆ ತಿಂಗಳ ನಂತರ ಉಳಿದವರು ಕುಟುಂಬದವರ ಹೆಸರನ್ನೂ ಕಾರ್ಡಿಗೆ ಸೇರಿಸಿಕೊಡಿ ಎಂದು ತಾವಾಗಿಯೇ ಬಂದರು.

ಇನ್ನೂ ಬಗೆಹರಿಯದೆ ಉಳಿದಿರುವುದು ಸೆಕ್ಯುರಿಟಿಯವರ ಹನ್ನೆರಡು ಗಂಟೆಯ ಪಾಳಿ. ಎಂಟು ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕು, ನಗರದಲ್ಲಿ ಕೊಡುವವರನ್ನು ನಾನು ಕಂಡಿಲ್ಲ. ಮೂರು ಪಾಳಿ ಮಾಡೋಣ ಎಂದು ನಾನು ಸೂಚಿಸಿದಾಗ ವಿರೋಧಿಸಿದವರು ಗಾರ್ಡುಗಳೇ: ಎಂಟು ಗಂಟೆಯ ಸಂಬಳದಲ್ಲಿ ಬಾಡಿಗೆ ಕಟ್ಟಿ ಊರಿಗೆ ಕಳುಹಿಸಲು ಆಗುವುದಿಲ್ಲ, ಕೆಲಸ ಬಿಟ್ಟ ಮೇಲೆ ಇನ್ನೊಂದು ಕಡೆ ದುಡಿಯಬೇಕಾಗುತ್ತದೆ, ಅದಕ್ಕಿಂತ ಇಲ್ಲೇ ಹನ್ನೆರಡು ಗಂಟೆ ನಿಲ್ಲುತ್ತೇವೆ ಎಂದರು. ಹಾಗಾದರೆ ಉಳಿದ ನಾಲ್ಕು ಗಂಟೆಗೆ ಕಾನೂನಿನ ದರದಲ್ಲಿ ಓವರ್‌ಟೈಮ್ ಕೊಡುವುದೊಂದೇ ದಾರಿ. ಅದರ ಲೆಕ್ಕವನ್ನು ಮನೆಯೊಂದಕ್ಕೆ ಎಷ್ಟು ಬೀಳುತ್ತದೆ ಎಂಬ ಪಟ್ಟಿಯೊಡನೆ ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಸೇರಿಸಿದ್ದೇನೆ. ಹೌಸ್‌ಕೀಪಿಂಗ್‌ಗೆ ಬಿದ್ದದ್ದಕ್ಕಿಂತ ಅದು ಹೆಚ್ಚೇ ಇದೆ.