ಕೋವಿಡ್‌ನಲ್ಲಿ ಹೋದವರಿಗೆ ಬಾಕಿ ಉಳಿದ ಕಾರ್ಯ

2021ರ ಎರಡನೇ ಅಲೆಯಲ್ಲಿ ಎಷ್ಟೋ ಮನೆಯವರಿಗೆ ಮುಖ ನೋಡಲೂ ಆಗಲಿಲ್ಲ. ಯಾರೂ ಒಯ್ಯದ ಅಸ್ಥಿಯನ್ನು ಆ ಜೂನ್‌ನಲ್ಲಿ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟಿತು. ಕಾರ್ಯ ತಪ್ಪಿತೆಂದು ಕೊರಗುವುದು ಬೇಡ, ಈಗಲೂ ಮಾಡಬಹುದು. ಮರಣ ಪ್ರಮಾಣಪತ್ರದ ತಾರೀಖನ್ನು ಆ ವರ್ಷದ ಪಂಚಾಂಗದಲ್ಲಿ ನೋಡಿ. ತಿಥಿ ಹಗಲಿನ ನಡುವೆಯೂ ಬದಲಾಗುತ್ತದೆ, ಹಾಗಾಗಿ ಆಸ್ಪತ್ರೆ ಕಾಗದದಲ್ಲಿರುವ ಗಂಟೆಯೂ ಬೇಕು. ಸಿಗದಿದ್ದರೆ ಮಹಾಲಯ ಅಮಾವಾಸ್ಯೆ ಇದ್ದೇ ಇದೆ. ಎಡೆಗೆ ಅವರಿಗೆ ಇಷ್ಟವಾದದ್ದು ಒಂದಾದರೂ ಇರಲಿ. ಅಂದು ಬರಲಾಗದ ನೆಂಟರನ್ನು ಕರೆಯಿರಿ. ಊಟಕ್ಕಿಂತ ಅವರು ಕೂತು ಆಡುವ ಮಾತೇ ಮುಖ್ಯ.

ಬೀರುವಿನಲ್ಲಿಟ್ಟ, ತೀರಿಕೊಂಡವರ ಫೋನನ್ನು ಮೊದಲು ತೆಗೆಯಿರಿ. ವರ್ಷಗಟ್ಟಲೆ ಬಿಟ್ಟರೆ ಬ್ಯಾಟರಿ ಉಬ್ಬಬಹುದು. ಉಬ್ಬಿದ್ದರೆ ಚಾರ್ಜ್‌ಗೆ ಹಾಕದೆ ರಿಪೇರಿಯವರಿಗೆ ಕೊಡಿ. ವಾಟ್ಸಾಪ್ ಖಾತೆ 120 ದಿನ ಬಳಸದಿದ್ದರೆ ಸಾಮಾನ್ಯವಾಗಿ ಅಳಿಯುತ್ತದೆ. ಆದರೂ ಅವರು ಕಳಿಸಿದ ವಾಯ್ಸ್ ಮೆಸೇಜ್ ಪಡೆದವರ ಫೋನಿನಲ್ಲಿ ಉಳಿದಿರಬಹುದು. ತಂಗಿಯ ಹತ್ತಿರ, ಭಾವನ ಹತ್ತಿರ ಕೇಳಿ ತರಿಸಿ, ಪೆನ್‌ಡ್ರೈವ್‌ನಲ್ಲೊಂದು, ಕಂಪ್ಯೂಟರಿನಲ್ಲೊಂದು ಪ್ರತಿ ಇಡಿ. ಕೇಳುವ ಧೈರ್ಯ ಇನ್ನೂ ಇಲ್ಲದವರಿಗೆ ಒತ್ತಾಯ ಬೇಡ.

ಎಲ್ಲರೂ ಸೇರಿದ ದಿನ ಕೆಡುವುದು ಹೆಚ್ಚಾಗಿ ಒಂದೇ ಮಾತಿನಿಂದ: ‘ಕಾಯಿಲೆ ಮನೆಗೆ ತಂದವರು ಯಾರು?’ ಅದಕ್ಕೆ ಉತ್ತರ ಹುಡುಕಬೇಡಿ, ಮಕ್ಕಳೆದುರಂತೂ ಎತ್ತಲೇಬೇಡಿ. ಮಕ್ಕಳಿಗೆ ‘ಊರಿಗೆ ಹೋಗಿದ್ದಾರೆ’ ಎನ್ನದೆ ‘ತೀರಿಕೊಂಡರು’ ಎಂದೇ ಹೇಳಿ. ನಿದ್ದೆ, ಊಟ ಬಿಟ್ಟು ಯಾರಾದರೂ ಒಳಗೊಳಗೇ ಕುಸಿಯುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.